ವೈಡ್ ರಿಸೀವರ್ ವೃತ್ತಿ: ಎಷ್ಟು ವರ್ಷ, ಎಷ್ಟು ದುಡ್ಡು, ಎಲ್ಲಿ ಎಡವುತ್ತಾರೆ?

ಪ್ರಶ್ನೆ: ಡಲ್ಲಾಸ್ ಹತ್ತಿರ ನೆಲೆಸಿದ್ದೇವೆ, ಊರು ಶಿವಮೊಗ್ಗ. ಮಗ ಹತ್ತನೇ ತರಗತಿ, ಶಾಲೆಯ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ ವೈಡ್ ರಿಸೀವರ್, ಅಂದರೆ ಎಸೆದ ಚೆಂಡು ಹಿಡಿದು ಓಡುವವನು. ಓಟ ಚೆನ್ನಾಗಿದೆ, ಕೈಯೂ ಗಟ್ಟಿ ಎಂದು ಕೋಚ್ ಹೇಳುತ್ತಾರೆ. ಅವನ ತಲೆಯಲ್ಲಿ ಈಗ ಎನ್‌ಎಫ್‌ಎಲ್ (ಈ ಆಟದ ವೃತ್ತಿಪರ ಲೀಗ್) ಬಿಟ್ಟರೆ ಬೇರೇನೂ ಇಲ್ಲ. ನಮಗೆ ಕ್ರಿಕೆಟ್ ಗೊತ್ತು, ಈ ಆಟ ಗೊತ್ತಿಲ್ಲ. ಈ ವೃತ್ತಿ ಹೇಗೆ ಸಾಗುತ್ತದೆ, ಎಷ್ಟು ವರ್ಷ ಇರುತ್ತದೆ, ದುಡ್ಡು ಎಷ್ಟು, ಮೈಗೆ ಏನಾಗುತ್ತದೆ ಎಂದು ಬಿಡಿಸಿ ಹೇಳುವಿರಾ?

ಉತ್ತರ: ಓಟ ಚೆನ್ನಾಗಿದ್ದರೆ ಹುಡುಗ ಕೋಚ್‌ಗಳ ಕಣ್ಣಿಗೆ ಬೀಳುತ್ತಾನೆ, ಅಷ್ಟೇ. ವೃತ್ತಿಯಲ್ಲಿ ಉಳಿಯುವ ರಿಸೀವರ್ ಉಳಿಯುವುದು ಬೇರೆ ಎರಡು ಕಾರಣಕ್ಕೆ. ಚೆಂಡು ಎಸೆಯುವವನು, ಅಂದರೆ ಕ್ವಾರ್ಟರ್‌ಬ್ಯಾಕ್, ಅದನ್ನು ಕೈಬಿಡುವ ಗಳಿಗೆಯಲ್ಲಿ ತಾನು ಇರಬೇಕಾದ ಜಾಗದಲ್ಲೇ ಇರುತ್ತಾನೆ. ಪಂದ್ಯದ ದಿನವಾದ ಭಾನುವಾರ ಬಂದಾಗ ಆಡುವ ಸ್ಥಿತಿಯಲ್ಲಿ ಇರುತ್ತಾನೆ. ದೊಡ್ಡ ದುಡ್ಡೆಲ್ಲ ಇರುವುದು ಎರಡನೆಯ ಒಪ್ಪಂದದಲ್ಲಿ. ಬಹುಪಾಲು ಆಟಗಾರರ ವೃತ್ತಿ ಅದು ಕೈಗೆ ಸಿಗುವ ಮೊದಲೇ ಮುಗಿದಿರುತ್ತದೆ. ಎಲ್ಲ ಸ್ಥಾನಗಳ ಆಟಗಾರರನ್ನೂ ಸೇರಿಸಿ ಆಟಗಾರರ ಸಂಘ ಹೇಳುತ್ತ ಬಂದಿರುವ ಸರಾಸರಿ ವೃತ್ತಿ 3.3 ವರ್ಷ. ಮೊದಲ ವರ್ಷವೇ ಅಂತಿಮ ತಂಡದಲ್ಲಿ ಜಾಗ ಪಡೆದವರನ್ನಷ್ಟೇ ಲೆಕ್ಕಕ್ಕೆ ಹಿಡಿದರೆ ಸುಮಾರು 6 ವರ್ಷ ಎನ್ನುತ್ತದೆ ಲೀಗ್. ಡ್ರಾಫ್ಟ್ ಆದವನ, ಅಂದರೆ ಲೀಗಿನ ತಂಡಗಳು ಹೊಸಬರನ್ನು ಸರದಿಯಂತೆ ಆರಿಸಿಕೊಳ್ಳುವಾಗ ಆಯ್ಕೆಯಾದವನ, ಮೊದಲ ಒಪ್ಪಂದವೇ 4 ವರ್ಷದ್ದು. ಈ ಮೂರು ಸಂಖ್ಯೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನದನ್ನು ಓದಿ.

ಆಟದ ಬಗ್ಗೆ ನಿಮಗೆ ಬೇಕಾದಷ್ಟನ್ನೇ ಹೇಳುತ್ತೇನೆ. ಮೈದಾನ 100 ಯಾರ್ಡ್ ಉದ್ದ, ಎರಡು ತುದಿಯಲ್ಲೂ 10 ಯಾರ್ಡ್‌ನ ಎಂಡ್ ಝೋನ್ (ಚೆಂಡು ಹಿಡಿದು ಅಲ್ಲಿಗೆ ತಲುಪಿದರೆ ಟಚ್‌ಡೌನ್ ಎಂಬ ಅಂಕ), ಅಗಲ 53 ಯಾರ್ಡ್‌ಗೆ ಸ್ವಲ್ಪ ಹೆಚ್ಚು. ತಂಡಕ್ಕೆ 11 ಜನ. ನಾಲ್ಕು ಅವಕಾಶದಲ್ಲಿ 10 ಯಾರ್ಡ್ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಅವಕಾಶ, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಕ್ವಾರ್ಟರ್‌ಬ್ಯಾಕ್ ಎಸೆದ ಚೆಂಡನ್ನು ಹಿಡಿಯುವವರಲ್ಲಿ ಮುಖ್ಯನಾದವನು ರಿಸೀವರ್. ಅವನು ನಿಲ್ಲುವ ಜಾಗ ಮೂರು ಬಗೆ. ಆಟ ಶುರುವಾಗುವ ಗೆರೆಯ ಮೇಲೆಯೇ ಹೊರಗೆ ನಿಲ್ಲುವವನಿಗೆ ಎಕ್ಸ್ ಎನ್ನುತ್ತಾರೆ. ಅವನನ್ನು ಕಾಯುವ ಎದುರಾಳಿ, ಅಂದರೆ ಕಾರ್ನರ್‌ಬ್ಯಾಕ್, ಎದೆಗೆ ಎದೆ ಕೊಟ್ಟು ನಿಂತಿರುತ್ತಾನೆ, ಹಾಗಾಗಿ ಇಲ್ಲಿ ಮೈಕಟ್ಟು ಮತ್ತು ಕೈಚಳಕ ಎರಡೂ ಬೇಕು. ಗೆರೆಯಿಂದ ಒಂದೆರಡು ಹೆಜ್ಜೆ ಹಿಂದೆ ನಿಲ್ಲುವವನು ಝಡ್. ಸ್ನ್ಯಾಪ್‌ಗೆ (ಚೆಂಡು ಕ್ವಾರ್ಟರ್‌ಬ್ಯಾಕ್ ಕೈಗೆ ಬಂದು ಆಟ ಶುರುವಾಗುವ ಗಳಿಗೆ) ಮುಂಚೆ ಅವನು ಅತ್ತಿತ್ತ ಚಲಿಸಬಹುದು. ಒಳಗಡೆ, ಲೈನಿನವರ ಹತ್ತಿರ ನಿಲ್ಲುವವನು ಸ್ಲಾಟ್. ಎಡಕ್ಕೂ ಬಲಕ್ಕೂ ತಿರುಗಲು ಜಾಗವಿರುತ್ತದೆ, ಆದರೆ ದೊಡ್ಡ ಮೈಯ ಲೈನ್‌ಬ್ಯಾಕರ್‌ಗಳ ನಡುವೆ ಚೆಂಡು ಹಿಡಿಯಬೇಕು. ನಿಮ್ಮ ಮಗ ಯಾವ ಜಾಗದಲ್ಲಿ ನಿಲ್ಲುತ್ತಾನೆ ಎಂದು ಕೋಚ್‌ರನ್ನು ಕೇಳಿ. ಮೂರೂ ಜಾಗದಲ್ಲಿ ಆಡಬಲ್ಲವನಿಗೆ ಮುಂದೆ ಪ್ರತಿ ಹಂತದಲ್ಲೂ ಬೆಲೆ ಹೆಚ್ಚು.

ಇನ್ನು ಕಸುಬು. ಒಂದು ರೂಟನ್ನು, ಅಂದರೆ ರಿಸೀವರ್ ಓಡಬೇಕಾದ ಗೊತ್ತುಪಡಿಸಿದ ದಾರಿಯನ್ನು, ಹತ್ತಿರದಿಂದ ನೋಡಿದರೆ ಉಳಿದದ್ದು ಅರ್ಥವಾಗುತ್ತದೆ. ಮೂರನೆಯ ಅವಕಾಶ, ಇನ್ನೂ 8 ಯಾರ್ಡ್ ಬೇಕು. ರಿಸೀವರ್‌ಗೆ ಬಂದ ಆದೇಶ 12 ಯಾರ್ಡ್‌ನ ಕರ್ಲ್: ನೇರ ಓಡಿ, 12 ಯಾರ್ಡ್ ಮುಟ್ಟಿದಾಗ ಗಕ್ಕನೆ ನಿಂತು, ಒಳಗಡೆಗೆ ತಿರುಗಿ, ಚೆಂಡಿನ ಕಡೆಗೆ ಎರಡು ಯಾರ್ಡ್ ವಾಪಸ್ ಬಂದು ಹಿಡಿಯಬೇಕು. ಸ್ನ್ಯಾಪ್ ಆದ ಕೂಡಲೇ ಭಾರವೆಲ್ಲ ಮುಂಗಾಲಿನ ಮೇಲೆ ಇರಬೇಕು. ಹೊಸಬರು ಹೊರಡುವ ಮುಂಚೆ ಹಿಂಗಾಲನ್ನು ಒಂದು ಗೇಣು ಹಿಂದಿಟ್ಟು ಆಮೇಲೆ ಮುಂದೆ ಚಿಮ್ಮುತ್ತಾರೆ. ಆ ಒಂದು ಹೆಜ್ಜೆಗೇ ಡಿಫೆಂಡರ್ ಮೇಲೆ ಬಿದ್ದಿರುತ್ತಾನೆ. ಗೆರೆಯಿಂದ 5 ಯಾರ್ಡ್ ಒಳಗೆ ಅವನು ಕೈಹಾಕಿ ತಡೆಯಬಹುದು; ಅದರಾಚೆ ತಡೆದರೆ ಎನ್‌ಎಫ್‌ಎಲ್‌ನಲ್ಲಿ 5 ಯಾರ್ಡ್ ದಂಡ, ಜೊತೆಗೆ ಹೊಸದಾಗಿ ನಾಲ್ಕು ಅವಕಾಶ. ಆ 5 ಯಾರ್ಡ್ ದಾಟುವುದೇ ರಿಲೀಸ್. ಡಿಫೆಂಡರ್‌ನ ಕೈ ಎದೆಗೆ ತಾಗುವ ಮುಂಚೆ ಅವನ ಮಣಿಕಟ್ಟನ್ನು ಹೊಡೆದು ಬದಿಗೆ ಸರಿಸಬೇಕು, ಭುಜ ತಗ್ಗಿಸಿ ಅವನ ಪಕ್ಕದಿಂದ ನುಸುಳಬೇಕು.

ಮುಂದಿನ 7 ಯಾರ್ಡ್ ಓಟದಲ್ಲಿ ಕೆಲಸ ಒಂದೇ: ಇವನು ನೇರ ಎಂಡ್ ಝೋನ್‌ಗೇ ಹೊರಟಿದ್ದಾನೆ ಎಂದು ಡಿಫೆಂಡರ್‌ಗೆ ಹೆದರಿಕೆ ಹುಟ್ಟಿಸುವುದು. ಅವನು ಹೆದರಿ ಸೊಂಟ ತಿರುಗಿಸಿ ಓಡತೊಡಗಿದರೆ ಅರ್ಧ ಗೆದ್ದಂತೆ. 12ನೇ ಯಾರ್ಡ್‌ನಲ್ಲಿ ನಿಲ್ಲುವಾಗ ಎದೆ ಕಾಲ್ಬೆರಳ ತುದಿಯ ಮೇಲೇ ಇರಬೇಕು, ಸೊಂಟ ಮಾತ್ರ ಕೆಳಗಿಳಿಯಬೇಕು, ಎರಡು ಮೂರು ಚಿಕ್ಕ ಹೆಜ್ಜೆಯಲ್ಲಿ ವೇಗ ಸೊನ್ನೆಗೆ ಬರಬೇಕು. ಹೆಚ್ಚಿನ ಹುಡುಗರು ಹಾಳಾಗುವುದು ಇಲ್ಲಿಯೇ. ನಿಲ್ಲಲು ಎರಡು ಹೆಜ್ಜೆ ಇರುವಾಗಲೇ ಬೆನ್ನು ನೆಟ್ಟಗೆ ಮಾಡುತ್ತಾರೆ, ಕೈಬೀಸುವುದು ನಿಧಾನವಾಗುತ್ತದೆ. ಅದನ್ನು ನೋಡಿದ ಕಾರ್ನರ್‌ಬ್ಯಾಕ್‌ಗೆ ಮುಂದೇನು ಎಂದು ತಿಳಿದುಹೋಗುತ್ತದೆ. ಇನ್ನೊಂದು ತಪ್ಪು, ತಿರುಗಿ ನಿಂತಲ್ಲೇ ನಿಂತು ಚೆಂಡಿಗೆ ಕಾಯುವುದು. ವಾಪಸ್ ಬರಬೇಕಾದ ಆ ಎರಡು ಯಾರ್ಡ್ ಬರದಿದ್ದರೆ ಹಿಂದಿನಿಂದ ಬಂದವನು ಚೆಂಡು ತಟ್ಟಿಹಾಕುತ್ತಾನೆ, ಇಲ್ಲವೇ ತಾನೇ ಹಿಡಿದು ಓಡುತ್ತಾನೆ. ಮೈದಾನದಲ್ಲಿ ತಪ್ಪು ಕ್ವಾರ್ಟರ್‌ಬ್ಯಾಕ್‌ನದು ಎಂದೇ ಕಾಣುತ್ತದೆ. ಸೋಮವಾರ ವಿಡಿಯೊ ನೋಡುವ ಕೋಚ್‌ಗೆ ಯಾರದೆಂದು ಗೊತ್ತಾಗುತ್ತದೆ.

ಇದೆಲ್ಲ ಎರಡೂವರೆ ಸೆಕೆಂಡಿನ ಆಸುಪಾಸಿನಲ್ಲಿ ಮುಗಿಯಬೇಕು. ಅದಕ್ಕಿಂತ ಮುಖ್ಯ, ರಿಸೀವರ್ ತಿರುಗುವ ಮುಂಚೆಯೇ ಚೆಂಡು ಕ್ವಾರ್ಟರ್‌ಬ್ಯಾಕ್ ಕೈ ಬಿಟ್ಟಿರುತ್ತದೆ. ಅವನು ಎಸೆಯುವುದು ಆಟಗಾರನಿಗಲ್ಲ, ಜಾಗಕ್ಕೆ. ರಿಸೀವರ್ 12ರ ಬದಲು 10ರಲ್ಲಿ ನಿಂತರೆ ಎಷ್ಟು ವೇಗವಿದ್ದರೂ ಪ್ರಯೋಜನವಿಲ್ಲ, ಚೆಂಡು ತಲೆಯ ಮೇಲೆ ಹಾದುಹೋಗುತ್ತದೆ. ಇಂಥ ಮೂಲ ರೂಟ್‌ಗಳಿಗೆ ಹಲವು ತಂಡಗಳಲ್ಲಿ ಅಂಕಿಯ ಹೆಸರಿದೆ: 2 ಸ್ಲಾಂಟ್, 4 ಕರ್ಲ್, 5 ಔಟ್, 8 ಪೋಸ್ಟ್, 9 ನೇರ ಓಟ. ಸಾಮಾನ್ಯವಾಗಿ ಸಮಸಂಖ್ಯೆ ಒಳಗಡೆಗೆ, ಬೆಸಸಂಖ್ಯೆ ಹೊರಗಡೆಗೆ. ಶಾಲೆಯಲ್ಲಿ ಅಂಕಿ ಕಲಿತರೆ ಸಾಕು. ಎನ್‌ಎಫ್‌ಎಲ್‌ನಲ್ಲಿ ಅದೇ ರೂಟ್ ಎದುರಾಳಿ ನಿಂತ ರೀತಿಗೆ ತಕ್ಕಂತೆ ನಡುದಾರಿಯಲ್ಲೇ ಬದಲಾಗುತ್ತದೆ. ಹಿಂದೆ ಕಾಯುವ ಸೇಫ್ಟಿ ಒಬ್ಬನೇ ಇದ್ದರೆ ಒಂದು ದಾರಿ, ಇಬ್ಬರಿದ್ದರೆ ಇನ್ನೊಂದು. ಓಡುತ್ತಲೇ ಅದನ್ನು ಓದಬೇಕು, ಕ್ವಾರ್ಟರ್‌ಬ್ಯಾಕ್ ಏನು ಓದಿದನೋ ಅದನ್ನೇ ಓದಬೇಕು. ಕಾಲೇಜಿನಲ್ಲಿ ಮಿಂಚಿದ ಎಷ್ಟೋ ಹುಡುಗರು ಇಲ್ಲಿ ಮೊದಲ ವರ್ಷ ತಡವರಿಸುವುದು ಕಾಲಿನಿಂದಲ್ಲ, ಈ ಓದಿನಿಂದ.

ಚೆಂಡು ಹಿಡಿಯುವುದರಲ್ಲಿ ನಿಯಮ ಸರಳ. ಸೊಂಟದಿಂದ ಮೇಲೆ ಬಂದರೆ ಎರಡೂ ಹೆಬ್ಬೆರಳು ಜೋಡಿಸಿ, ಕೆಳಗೆ ಬಂದರೆ ಕಿರುಬೆರಳು ಜೋಡಿಸಿ. ಎದೆಗೆ ಅಪ್ಪಿ ಹಿಡಿಯಬಾರದು, ಕೈಯಲ್ಲೇ ಹಿಡಿಯಬೇಕು. ಕೈಬಿಡುವುದಕ್ಕೆ ಹೆಚ್ಚಾಗಿ ಕಾರಣ ಬೆರಳಲ್ಲ, ಕಣ್ಣು. ಚೆಂಡು ಅಂಗೈಗೆ ಬರುವ ಮುನ್ನವೇ ಮುಂದೆ ಯಾರಿದ್ದಾರೆ ಎಂದು ನೋಡಲು ಕತ್ತು ತಿರುಗುತ್ತದೆ. ಚೆಂಡನ್ನು ಕಂಕುಳಿಗೆ ಸೇರಿಸುವವರೆಗೆ ಕಣ್ಣು ಅದರ ಮೇಲೇ ಇರಲಿ ಎನ್ನುವುದನ್ನು ದಿನವೂ ನೂರಾರು ಸಲ ಯಂತ್ರದ ಮುಂದೆ ನಿಂತು ರೂಢಿ ಮಾಡಿಕೊಳ್ಳುತ್ತಾರೆ. ಗೆರೆಯ ಅಂಚಿನಲ್ಲಿ ಹಿಡಿಯುವುದು ಕ್ರಿಕೆಟ್‌ನ ಬೌಂಡರಿ ಕ್ಯಾಚಿನ ಹಾಗೆಯೇ, ಕಾಲು ಎಲ್ಲಿ ಬಿತ್ತು ಎಂಬುದೇ ಲೆಕ್ಕ. ಕಾಲೇಜಿನಲ್ಲಿ ಒಂದು ಪಾದ ಒಳಗೆ ಬಿದ್ದರೆ ಸಾಕು, ಎನ್‌ಎಫ್‌ಎಲ್‌ನಲ್ಲಿ ಎರಡೂ ಬೀಳಬೇಕು. ನಿಮ್ಮ ಮಗ ಈಗಿನಿಂದಲೇ ಎರಡು ಪಾದದ ಅಭ್ಯಾಸ ಮಾಡಲಿ.

ವೇಗದ ಮೇಲೆ ಇಷ್ಟು ಕಡಿಮೆ ಭಾರ ಹಾಕುತ್ತಿರುವುದು ಏಕೆಂದು ನಿಮಗೆ ಅನ್ನಿಸಬಹುದು. ದಾಖಲೆ ನೋಡಿ. ಜಾನ್ ರಾಸ್ 2017ರ ಕಂಬೈನ್‌ನಲ್ಲಿ, ಅಂದರೆ ಡ್ರಾಫ್ಟ್‌ಗೆ ಮುಂಚಿನ ಓಟ-ಮೈಕಟ್ಟಿನ ಪರೀಕ್ಷೆಯಲ್ಲಿ, 40 ಯಾರ್ಡ್ ದೂರವನ್ನು 4.22 ಸೆಕೆಂಡಿನಲ್ಲಿ ಓಡಿ ಅಂದಿನ ದಾಖಲೆ ಬರೆದರು. ಸಿನ್ಸಿನಾಟಿ ತಂಡ ಅವರನ್ನು ಒಂಬತ್ತನೆಯ ಆಯ್ಕೆಯಾಗಿ ತೆಗೆದುಕೊಂಡಿತು. ಗಾಯಗಳು ಬೆನ್ನುಬಿಡಲಿಲ್ಲ, ಒಂದೇ ಒಂದು ಋತುವಿನಲ್ಲೂ ಕ್ಯಾಚ್‌ಗಳಿಂದ ಗಳಿಸಿದ ದೂರ 1,000 ಯಾರ್ಡ್ ಆಗಲಿಲ್ಲ. ಅದೇ ವರ್ಷ ಕೂಪರ್ ಕಪ್ 4.62 ಸೆಕೆಂಡ್ ಓಡಿದರು. ರಿಸೀವರ್‌ಗೆ ಇದು ನಿಧಾನವೇ. ಓದಿದ್ದು ಈಸ್ಟರ್ನ್ ವಾಷಿಂಗ್ಟನ್ ಎಂಬ ಚಿಕ್ಕ ಕಾಲೇಜು, ಆಯ್ಕೆಯಾದದ್ದು 69ನೆಯವರಾಗಿ. 2021ರಲ್ಲಿ ಅವರು 145 ಕ್ಯಾಚ್, 1,947 ಯಾರ್ಡ್, 16 ಟಚ್‌ಡೌನ್ ಮಾಡಿ ಮೂರರಲ್ಲೂ ಲೀಗಿಗೇ ಮೊದಲಿಗರಾದರು, ಆ ಋತುವಿನ ಸೂಪರ್ ಬೌಲ್‌ನಲ್ಲಿ (ಲೀಗಿನ ಫೈನಲ್) ಶ್ರೇಷ್ಠ ಆಟಗಾರರೂ ಆದರು. ಎಲ್ಲರಿಗಿಂತ ದೊಡ್ಡ ಹೆಸರಾದ ಜೆರ್ರಿ ರೈಸ್ ಅವರದ್ದೂ ಓಟದ ಗಡಿಯಾರದಿಂದ ಬಂದ ಹೆಸರಲ್ಲ. 1985ರಲ್ಲಿ ಮಿಸಿಸಿಪಿ ವ್ಯಾಲಿ ಸ್ಟೇಟ್‌ನಿಂದ ಬಂದು ಮೊದಲ ಋತುವಿನಲ್ಲಿ ಕೈಗೆ ಬಂದ ಚೆಂಡುಗಳನ್ನು ಬಿಟ್ಟು ಟೀಕೆಗೆ ಒಳಗಾಗಿದ್ದರು. ಆ ವರ್ಷ 49 ಕ್ಯಾಚ್. 20 ಋತು ಆಡಿ ನಿಲ್ಲಿಸುವಾಗ 1,549 ಕ್ಯಾಚ್, 22,895 ಯಾರ್ಡ್. ಎರಡನೆಯ ಸ್ಥಾನದಲ್ಲಿರುವ ಲ್ಯಾರಿ ಫಿಟ್ಜ್‌ಜೆರಾಲ್ಡ್ ಅವರದ್ದು 17,492 ಯಾರ್ಡ್. ನಡುವಿನ 5,400 ಯಾರ್ಡ್ ಅಂತರವೇ ಒಬ್ಬ ಒಳ್ಳೆಯ ರಿಸೀವರ್‌ನ ಇಡೀ ವೃತ್ತಿಗೆ ಸಮ.

ಈಗ ದಾರಿ. ಅಮೆರಿಕದಲ್ಲಿ ಹೈಸ್ಕೂಲ್ ಫುಟ್‌ಬಾಲ್ ಆಡುವವರು 10 ಲಕ್ಷದ ಹತ್ತಿರ. ಕಾಲೇಜು ಮಟ್ಟ ತಲುಪಿದವರಲ್ಲಿ ಎನ್‌ಎಫ್‌ಎಲ್‌ಗೆ ಹೋಗುವವರು ಶೇ. 1.6ರಷ್ಟು ಎಂದು ಕಾಲೇಜು ಕ್ರೀಡೆ ನಡೆಸುವ ಎನ್‌ಸಿಎಎ ಲೆಕ್ಕ ಹೇಳುತ್ತದೆ. ಹೈಸ್ಕೂಲಿನಿಂದ ನೇರ ಲೀಗಿಗೆ ಹಾರುವಂತಿಲ್ಲ. ಶಾಲೆ ಮುಗಿದು ಮೂರು ವರ್ಷ ಕಳೆದಿರಬೇಕು. ಹಾಗಾಗಿ ಕಾಲೇಜು ತಪ್ಪುವುದಿಲ್ಲ, ತಪ್ಪಿಸಲೂಬಾರದು. ಎನ್‌ಸಿಎಎಯ ಮೂರು ದರ್ಜೆಗಳಲ್ಲಿ ಡಿವಿಷನ್ 1 ಮತ್ತು 2ರ ಕಾಲೇಜುಗಳು ಕ್ರೀಡಾ ವಿದ್ಯಾರ್ಥಿವೇತನ ಕೊಡುತ್ತವೆ, ಡಿವಿಷನ್ 3 ಕೊಡುವುದಿಲ್ಲ. ಐವಿ ಲೀಗ್ ಕಾಲೇಜುಗಳೂ ಕ್ರೀಡೆಗೆಂದು ಕೊಡುವುದಿಲ್ಲ, ಮನೆಯ ಆದಾಯ ನೋಡಿ ನೆರವು ಕೊಡುತ್ತವೆ. 2021ರ ಜುಲೈನಿಂದ ಕಾಲೇಜು ಆಟಗಾರರು ತಮ್ಮ ಹೆಸರು, ಮುಖ ಬಳಸಿ ಜಾಹೀರಾತಿನಿಂದ ದುಡಿಯಬಹುದು. 2025ರಿಂದ ಕಾಲೇಜುಗಳೇ ಆಟಗಾರರಿಗೆ ನೇರವಾಗಿ ಹಣ ಕೊಡಲು ಒಪ್ಪಿಗೆ ಸಿಕ್ಕಿದೆ.

ನಮ್ಮ ಕಡೆಯ ಕುಟುಂಬಗಳು ಇಲ್ಲಿ ಒಂದು ವಿಷಯ ಗಮನಿಸಬೇಕು. ಮಗ ಅಮೆರಿಕದಲ್ಲೇ ಹುಟ್ಟಿದ್ದರೆ, ಅಥವಾ ಗ್ರೀನ್ ಕಾರ್ಡ್ ಇದ್ದರೆ ತೊಂದರೆಯಿಲ್ಲ. ಭಾರತದಲ್ಲಿ ಹುಟ್ಟಿ ಎಚ್-4 ವೀಸಾದಲ್ಲಿದ್ದರೆ (ಪೋಷಕರ ಕೆಲಸದ ವೀಸಾದ ಅವಲಂಬಿತನಾಗಿದ್ದರೆ) ಅವನಿಗೆ ಇಲ್ಲಿ ದುಡಿಯಲು ಅನುಮತಿ ಇಲ್ಲ, 21 ತುಂಬಿದಾಗ ಆ ವೀಸಾವೂ ಮುಗಿಯುತ್ತದೆ; ಎಫ್-1 ವಿದ್ಯಾರ್ಥಿ ವೀಸಾಕ್ಕೆ ಬದಲಾದರೂ ಇಂಥ ಗಳಿಕೆ ವೀಸಾಕ್ಕೆ ಕುತ್ತು ತರಬಹುದು. ಯಾರಾದರೂ ಹಣದ ಒಪ್ಪಂದ ತಂದರೆ ಸಹಿ ಹಾಕುವ ಮುನ್ನ ವಲಸೆ ವಕೀಲರಿಗೆ ಒಮ್ಮೆ ತೋರಿಸಿ. ಶಾಲೆಯಲ್ಲಿರುವಾಗಲೇ ಬಂದರೆ ಶಾಲೆಯ ಅಥ್ಲೆಟಿಕ್ ಡೈರೆಕ್ಟರ್‌ಗೂ ತೋರಿಸಿ, ಆಡುವ ಅರ್ಹತೆಯೇ ಹೋದೀತು.

ಕಾಲೇಜಿನ ನಂತರ ಇಂಡಿಯಾನಾಪೊಲಿಸ್‌ನಲ್ಲಿ ಕಂಬೈನ್ ನಡೆಯುತ್ತದೆ, ಏಪ್ರಿಲ್‌ನಲ್ಲಿ ಡ್ರಾಫ್ಟ್. ಏಳು ಸುತ್ತು, 32 ತಂಡ, ಸುಮಾರು 257 ಆಯ್ಕೆ. ಬೇಸಿಗೆಯಲ್ಲಿ ಪ್ರತಿ ತಂಡ 90 ಜನರನ್ನು ಇಟ್ಟುಕೊಳ್ಳುತ್ತದೆ, ಆಗಸ್ಟ್ ಕೊನೆಗೆ ಅದು 53ಕ್ಕೆ ಇಳಿಯುತ್ತದೆ. ಅದರಲ್ಲಿ ರಿಸೀವರ್‌ಗಳಿಗೆ ಸಾಮಾನ್ಯವಾಗಿ 5 ಅಥವಾ 6 ಜಾಗ. ಮೊದಲ ಮೂವರ ಜಾಗ ಮಾತುಕತೆಯಿಲ್ಲದೆ ನಿಶ್ಚಯವಾಗಿರುತ್ತದೆ. ನಾಲ್ಕನೆಯ, ಐದನೆಯ ಜಾಗಕ್ಕೆ ಉಳಿದವರೆಲ್ಲ ಹೊಡೆದಾಡುತ್ತಾರೆ, ಅಲ್ಲಿ ತೀರ್ಮಾನವಾಗುವುದು ಕ್ಯಾಚಿನಿಂದಲ್ಲ. ಪಂಟ್ ಒದ್ದಾಗ, ಅಂದರೆ ಚೆಂಡನ್ನು ದೂರ ಒದ್ದು ಎದುರಾಳಿಗೆ ಬಿಟ್ಟುಕೊಟ್ಟಾಗ, ಎಲ್ಲರಿಗಿಂತ ಮುಂಚೆ ಓಡಿ ಎದುರಾಳಿಯನ್ನು ಕೆಡವಬಲ್ಲನೇ? ತನ್ನ ತಂಡದವನು ಚೆಂಡು ಹಿಡಿದು ಓಡುವಾಗ ಕಾರ್ನರ್‌ಬ್ಯಾಕನ್ನು ಅಡ್ಡಗಟ್ಟಿ ನಿಲ್ಲಿಸಬಲ್ಲನೇ? ಮೂರೂ ಜಾಗದ ರೂಟ್‌ಗಳು ಬಾಯಿಪಾಠವಿದೆಯೇ? ಆ್ಯಡಮ್ ಥೀಲೆನ್ 2013ರಲ್ಲಿ ಯಾವ ತಂಡಕ್ಕೂ ಬೇಡವಾಗಿ ಡ್ರಾಫ್ಟ್ ಮುಗಿದ ಮೇಲೆ ಮಿನ್ನೆಸೋಟ ತಂಡದ ಬಾಗಿಲು ತಟ್ಟಿದರು. ಮೊದಲ ವರ್ಷ ಅಭ್ಯಾಸದ ತಂಡದಲ್ಲಿ, ಮುಂದಿನ ಎರಡು ವರ್ಷ ಹೆಚ್ಚಾಗಿ ಸ್ಪೆಷಲ್ ಟೀಮ್‌ನಲ್ಲಿ (ಚೆಂಡು ಒದೆಯುವ ಆಟಗಳಿಗೆ ಇಳಿಯುವ ಗುಂಪು) ಓಡಿದರು. 2018ರ ಋತುವಿನ ಮೊದಲ ಎಂಟು ಪಂದ್ಯಗಳಲ್ಲೂ 100 ಯಾರ್ಡ್ ದಾಟಿದರು. ಪುಕಾ ನಕುವಾ 2023ರಲ್ಲಿ ಐದನೆಯ ಸುತ್ತಿನ 177ನೆಯ ಆಯ್ಕೆ. ಅದೇ ವರ್ಷ 105 ಕ್ಯಾಚ್, 1,486 ಯಾರ್ಡ್ ಮಾಡಿ ಹೊಸಬರ ದಾಖಲೆ ಎರಡನ್ನೂ ಮುರಿದರು. ಕೆಳಗಿನ ಸುತ್ತಿನವನಿಗೂ ದಾರಿಯಿದೆ ಎನ್ನುವುದು ಹುಸಿ ಭರವಸೆಯಲ್ಲ, ಆದರೆ ಆ ದಾರಿ ಅಡ್ಡಗಟ್ಟುವ ಮತ್ತು ಕೆಡವುವ ಕೆಲಸದ ಮೂಲಕ ಹೋಗುತ್ತದೆ.

ಋತು ಎಂದರೆ 18 ವಾರದಲ್ಲಿ 17 ಪಂದ್ಯ. ಭಾನುವಾರ ಪಂದ್ಯವಾದರೆ ಸೋಮವಾರ ವಿಡಿಯೊ ಮತ್ತು ಮೈ ನೋವಿನ ಚಿಕಿತ್ಸೆ, ಮಂಗಳವಾರ ರಜೆ. ಬುಧವಾರ ಮುಂದಿನ ಎದುರಾಳಿಯ ಮೇಲೆ ಮೊದಲೆರಡು ಅವಕಾಶಗಳ ಆಟ, ಗುರುವಾರ ಮೂರನೆಯ ಅವಕಾಶದ್ದು, ಶುಕ್ರವಾರ ಎಂಡ್ ಝೋನ್ ಹತ್ತಿರದ್ದು, ಶನಿವಾರ ನಡೆದಾಡಿಕೊಂಡೇ ಒಂದು ಸಲ ಪುನರಾವರ್ತನೆ. ಹೆಚ್ಚಿನ ತಂಡಗಳಲ್ಲಿ ಇದೇ ಕ್ರಮ.

ದುಡ್ಡಿನ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಪತ್ರಿಕೆಯ ತಲೆಬರಹ ಇಲ್ಲಿ ದಾರಿ ತಪ್ಪಿಸುತ್ತದೆ. 2025ರಲ್ಲಿ ಹೊಸಬನ ಕನಿಷ್ಠ ವೇತನ 8,40,000 ಡಾಲರ್. ಅದು 18 ವಾರಕ್ಕೆ ಹಂಚಿಕೊಂಡು ಬರುತ್ತದೆ, ವಾರಕ್ಕೆ ಸುಮಾರು 46,600. ನಡುವೆ ತಂಡದಿಂದ ಕೈಬಿಟ್ಟರೆ ಉಳಿದ ವಾರಗಳದ್ದು ಖಾತ್ರಿಯಿಲ್ಲ. ಅಭ್ಯಾಸದ ತಂಡದಲ್ಲಿದ್ದರೆ ಆ ವರ್ಷ ವಾರಕ್ಕೆ 13,000 ಇತ್ತು. ಅದೂ ವಾರ ವಾರದ ಲೆಕ್ಕ, ಯಾವ ಮಂಗಳವಾರವಾದರೂ ಮನೆಗೆ ಕಳಿಸಬಹುದು. ಕೇಂದ್ರ ಸರ್ಕಾರದ ಆದಾಯ ತೆರಿಗೆಯ ಮೇಲಿನ ಹಂತ ಶೇ. 37. ಟೆಕ್ಸಾಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ, ಆದರೆ ಕ್ಯಾಲಿಫೋರ್ನಿಯಾಕ್ಕೆ ಹೋಗಿ ಆಡಿದ ದಿನಗಳ ಗಳಿಕೆಗೆ ಆ ರಾಜ್ಯ ತೆರಿಗೆ ಹಾಕುತ್ತದೆ. ಏಜೆಂಟ್ ಗರಿಷ್ಠ ಶೇ. 3 ಪಡೆಯಬಹುದು.

ಡ್ರಾಫ್ಟ್ ಆದವನ ಒಪ್ಪಂದ 4 ವರ್ಷ. ಮೊದಲ ಸುತ್ತಿನವನಾದರೆ ಐದನೆಯ ವರ್ಷವೂ ಉಳಿಸಿಕೊಳ್ಳುವ ಹಕ್ಕು ತಂಡಕ್ಕೆ. ಮೂರನೆಯ ಋತು ಮುಗಿಯುವ ತನಕ ಅದನ್ನು ಬದಲಾಯಿಸುವಂತಿಲ್ಲ, ಎಷ್ಟೇ ಚೆನ್ನಾಗಿ ಆಡಿದರೂ. ಅಂದರೆ 22ಕ್ಕೆ ಬಂದ ಹುಡುಗ 25ರ ತನಕ ಅಗ್ಗದ ಬೆಲೆಗೇ ಆಡುತ್ತಾನೆ. ಆಮೇಲೆ ಬರುವುದು ಎರಡನೆಯ ಒಪ್ಪಂದ. 2020ರ 22ನೆಯ ಆಯ್ಕೆಯಾದ ಜಸ್ಟಿನ್ ಜೆಫರ್ಸನ್ 2024ರಲ್ಲಿ 4 ವರ್ಷಕ್ಕೆ 14 ಕೋಟಿ ಡಾಲರ್‌ಗೆ ಸಹಿ ಹಾಕಿದರು, ಅದರಲ್ಲಿ ಖಾತ್ರಿ 11 ಕೋಟಿ. 2024ರಲ್ಲಿ ಕ್ಯಾಚ್, ಯಾರ್ಡ್, ಟಚ್‌ಡೌನ್ ಮೂರರಲ್ಲೂ ಮೊದಲಿಗರಾದ ಜಮಾರ್ ಚೇಸ್ 2025ರ ಮಾರ್ಚ್‌ನಲ್ಲಿ 4 ವರ್ಷಕ್ಕೆ 16.1 ಕೋಟಿ. ಇಂಥ ಒಪ್ಪಂದ ಬೆರಳೆಣಿಕೆಯಷ್ಟು ಜನಕ್ಕೆ. ಉಳಿದವರ ಒಪ್ಪಂದದಲ್ಲಿ ಖಾತ್ರಿ ಹಣ ಮೊದಲ ಎರಡು ವರ್ಷದಲ್ಲೇ ಮುಗಿದಿರುತ್ತದೆ. ಮೂರನೆಯ, ನಾಲ್ಕನೆಯ ವರ್ಷದ ದೊಡ್ಡ ಸಂಖ್ಯೆಗಳು ಕಾಗದದ ಮೇಲಷ್ಟೇ. ಯಾವುದೇ ಒಪ್ಪಂದ ಕೈಗೆ ಬಂದರೂ ಮೊದಲು ನೋಡಬೇಕಾದ ಸಾಲು, ಸಹಿ ಹಾಕಿದ ದಿನ ಪೂರ್ತಿ ಖಾತ್ರಿಯಾಗುವ ಹಣ ಎಷ್ಟು ಎಂಬುದು. ಪಿಂಚಣಿ ಹಕ್ಕು ಸಿಗಲು ಮೂರು ಋತು ಲೆಕ್ಕಕ್ಕೆ ಸೇರಬೇಕು. ನಾಲ್ಕನೆಯ ರಿಸೀವರ್‌ನ ಜಾಗಕ್ಕೆ ಜನ ಅಷ್ಟು ಹೊಡೆದಾಡುವುದಕ್ಕೆ ಇದೂ ಒಂದು ಕಾರಣ.

ಮೈಗೆ ಏನಾಗುತ್ತದೆ ಎಂದು ಕೇಳಿದ್ದೀರಿ, ತಂದೆ-ತಾಯಿಯಾಗಿ ಅದನ್ನೇ ಮೊದಲು ಕೇಳಬೇಕಿತ್ತು. ರಿಸೀವರ್‌ಗಳನ್ನು ಹೆಚ್ಚು ಕಾಡುವುದು ತೊಡೆಯ ಹಿಂಭಾಗದ ಸ್ನಾಯು, ಅಂದರೆ ಹ್ಯಾಮ್‌ಸ್ಟ್ರಿಂಗ್. ಪೂರ್ತಿ ವೇಗದಿಂದ ಸೊನ್ನೆಗೆ ಇಳಿಯುವಾಗ, ಮತ್ತೆ ಚಿಮ್ಮುವಾಗ ಆ ಸ್ನಾಯು ಉದ್ದವಾಗುತ್ತಲೇ ಭಾರ ತಡೆಯಬೇಕು. ದಣಿದ ಸ್ನಾಯು ಅಲ್ಲಿ ಹರಿಯುತ್ತದೆ. ನೋವು ನಿಂತಿತೆಂದು ವಾಸಿಯಾಗುವ ಮುನ್ನ ಪೂರ್ತಿ ವೇಗಕ್ಕೆ ಹೋದರೆ ಅದೇ ಜಾಗದಲ್ಲಿ ಮತ್ತೆ ಹರಿಯುತ್ತದೆ. ಮಂಡಿಯ ಎಸಿಎಲ್ ಎಂಬ ಅಸ್ಥಿರಜ್ಜು ಹರಿದರೆ ಶಸ್ತ್ರಚಿಕಿತ್ಸೆ, ಸಾಮಾನ್ಯವಾಗಿ 9 ತಿಂಗಳ ಮೇಲೆ. ಆತುರ ಏನು ಮಾಡುತ್ತದೆ ಎನ್ನುವುದಕ್ಕೆ ರೈಸ್ ಅವರದೇ ಉದಾಹರಣೆಯಿದೆ. 1997ರ ಮೊದಲ ಪಂದ್ಯದಲ್ಲೇ ಮಂಡಿ ಹರಿದುಕೊಂಡು, ಮೂರೂವರೆ ತಿಂಗಳಿಗೇ ಡಿಸೆಂಬರ್‌ನಲ್ಲಿ ಮರಳಿದರು. ಟಚ್‌ಡೌನ್ ಹಿಡಿದು ನೆಲಕ್ಕೆ ಬಿದ್ದಾಗ ಅದೇ ಕಾಲಿನ ಮಂಡಿಚಿಪ್ಪು ಬಿರಿಯಿತು, ಋತು ಅಲ್ಲಿಗೇ ಮುಗಿಯಿತು. ಆ್ಯಂಕಲ್ ಗಾಯವನ್ನು ಚಿಕ್ಕದೆಂದು ತಿಳಿಯುವವರು ಮೈಕಲ್ ಥಾಮಸ್ ಅವರನ್ನು ನೋಡಬೇಕು. 2019ರಲ್ಲಿ ಒಂದೇ ಋತುವಿನಲ್ಲಿ 149 ಕ್ಯಾಚ್ ಹಿಡಿದು ದಾಖಲೆ ಮಾಡಿದವರು, 2020ರ ಮೊದಲ ಪಂದ್ಯದಲ್ಲಿ ಆ್ಯಂಕಲ್ ತಿರುಚಿಕೊಂಡರು. 2021 ಪೂರ್ತಿ ಆಡಲಿಲ್ಲ, ಹಳೆಯ ಥಾಮಸ್ ಮತ್ತೆ ಮರಳಲಿಲ್ಲ. ಸ್ಟರ್ಲಿಂಗ್ ಶಾರ್ಪ್ ಅವರದ್ದು ಕುತ್ತಿಗೆಯ ಗಾಯ. ಉತ್ತುಂಗದಲ್ಲಿದ್ದಾಗಲೇ, ಏಳು ಋತುಗಳಿಗೆ, 1994ರಲ್ಲಿ ವೃತ್ತಿ ನಿಂತಿತು. ಶ್ರೇಷ್ಠರ ಗೌರವಪಟ್ಟಿಯಾದ ಹಾಲ್ ಆಫ್ ಫೇಮ್‌ಗೆ ಅವರ ಹೆಸರು ಸೇರಲು 2025 ಆಗಬೇಕಾಯಿತು.

ತಲೆಯ ಪೆಟ್ಟು ಇವೆಲ್ಲಕ್ಕಿಂತ ಗಂಭೀರ. ಚೆಂಡಿನ ಮೇಲೆ ಕಣ್ಣಿಟ್ಟು ಹಾರಿದ ರಿಸೀವರ್‌ಗೆ ಎದುರಿನಿಂದ ಬರುವವನು ಕಾಣುವುದಿಲ್ಲ. ಪೆಟ್ಟು ಬಿದ್ದವನು ಮರಳಲು ಎನ್‌ಎಫ್‌ಎಲ್‌ನಲ್ಲಿ ಐದು ಹಂತವಿದೆ: ವಿಶ್ರಾಂತಿ, ಹಗುರ ವ್ಯಾಯಾಮ, ಭಾರದ ವ್ಯಾಯಾಮ, ಮೈತಾಗದ ಆಟದ ಅಭ್ಯಾಸ, ಕೊನೆಗೆ ತಂಡಕ್ಕೆ ಸೇರದ ಸ್ವತಂತ್ರ ನರತಜ್ಞರ ಒಪ್ಪಿಗೆ. ಆದರೆ ಮೂರ್ಛೆ ತರದ ಸಣ್ಣ ಸಣ್ಣ ಪೆಟ್ಟುಗಳೂ ವರ್ಷಗಟ್ಟಲೆ ಸೇರಿಕೊಂಡು ಸಿಟಿಇ ಎಂಬ ಮೆದುಳಿನ ಕಾಯಿಲೆಗೆ ದಾರಿ ಮಾಡುತ್ತವೆ. ಇದು ಖಚಿತವಾಗಿ ತಿಳಿಯುವುದು ಸಾವಿನ ನಂತರದ ಪರೀಕ್ಷೆಯಲ್ಲಿ ಮಾತ್ರ. 2021ರಲ್ಲಿ ತೀರಿಕೊಂಡ ಇಬ್ಬರು ಒಳ್ಳೆಯ ರಿಸೀವರ್‌ಗಳಲ್ಲಿ, 38ರ ವಿನ್ಸೆಂಟ್ ಜಾಕ್ಸನ್ ಮತ್ತು 33ರ ಡಿಮೇರಿಯಸ್ ಥಾಮಸ್ ಅವರಲ್ಲಿ, ಇದು ಎರಡನೆಯ ಹಂತದಲ್ಲಿ ಪತ್ತೆಯಾಯಿತು. ಇದನ್ನು ಮಗನಿಂದ ಮುಚ್ಚಿಡಬೇಡಿ. ಪೆಟ್ಟು ಬಿದ್ದ ದಿನ ತಲೆನೋವು, ಬೆಳಕು ಸಹಿಸಲಾಗದಿರುವುದು, ಹೇಳಿದ್ದನ್ನೇ ಹೇಳುವುದು ಕಂಡರೆ ಕೋಚ್ ಏನೇ ಅನ್ನಲಿ, ಆ ದಿನ ಮತ್ತೆ ಮೈದಾನಕ್ಕೆ ಇಳಿಸಬೇಡಿ. ಜಾಗ ಹೋದೀತೆಂದು ಹುಡುಗರು ಇದನ್ನು ಮುಚ್ಚಿಡುತ್ತಾರೆ. ನಿಮಗೆ ಹೇಳುವಷ್ಟು ಸಲುಗೆ ಮನೆಯಲ್ಲಿ ಇರಲಿ.

ಮೂವತ್ತು ದಾಟಿದ ಮೇಲೆ ಉಳಿಯುವವರು ಆಟ ಬದಲಿಸಿಕೊಂಡವರು. ಫಿಟ್ಜ್‌ಜೆರಾಲ್ಡ್ 17 ವರ್ಷ ಅರಿಜೋನ ತಂಡವೊಂದಕ್ಕೇ ಆಡಿದರು. ಹೊರಗಿನ ಜಾಗದಲ್ಲಿ ವೇಗ ಸಾಲದಾದಾಗ 32ರ ಹೊತ್ತಿಗೆ ಹೆಚ್ಚಾಗಿ ಸ್ಲಾಟ್‌ಗೆ ಬಂದು, ದೊಡ್ಡ ಮೈಯವರನ್ನು ಅಡ್ಡಗಟ್ಟುವ ಕೆಲಸವನ್ನೂ ಒಪ್ಪಿಕೊಂಡರು. 2015ರಿಂದ ಮೂರು ಋತುವಿನಲ್ಲಿ ಕ್ರಮವಾಗಿ 109, 107, 109 ಕ್ಯಾಚ್. ಇದಕ್ಕೆ ವಿರುದ್ಧವಾಗಿ ಕ್ಯಾಲ್ವಿನ್ ಜಾನ್ಸನ್, 2012ರಲ್ಲಿ 1,964 ಯಾರ್ಡ್‌ನ ದಾಖಲೆ ಮಾಡಿದವರು, 9 ಋತು ಆಡಿ 30ಕ್ಕೇ ನಿಲ್ಲಿಸಿದರು. ಮೈ ಇನ್ನು ಸಾಕೆಂದಿತ್ತು. ನನ್ನ ದೃಷ್ಟಿಯಲ್ಲಿ ಇಬ್ಬರ ತೀರ್ಮಾನವೂ ಸರಿ. ಆಡುವುದು ಮುಗಿದ ಮೇಲೂ ಈ ಕಸುಬಿಗೆ ಜಾಗವಿದೆ. ರಿಸೀವರ್‌ಗಳಿಗೆಂದೇ ಪ್ರತಿ ತಂಡದಲ್ಲೂ ಪ್ರತ್ಯೇಕ ಕೋಚ್ ಇರುತ್ತಾರೆ. ಭಾರತೀಯ ಮೂಲದ ಸಂಜಯ್ ಲಾಲ್ ರೇಡರ್ಸ್, ಜೆಟ್ಸ್, ಕೌಬಾಯ್ಸ್, ಸೀಹಾಕ್ಸ್ ತಂಡಗಳಲ್ಲಿ ಆ ಕೆಲಸ ಮಾಡಿದ್ದಾರೆ.

ಇನ್ನು ಈ ವರ್ಷ ನೀವು ಮಾಡಬೇಕಾದ್ದು. ಡಿವಿಷನ್ 1ರಲ್ಲಿ ಆಡಲು ಹೈಸ್ಕೂಲಿನಲ್ಲಿ 16 ಮುಖ್ಯ ವಿಷಯಗಳ ಕೋರ್ಸ್ ಮುಗಿಸಿರಬೇಕು, ಅವುಗಳಲ್ಲಿ ಜಿಪಿಎ (4ಕ್ಕೆ ಲೆಕ್ಕ ಹಾಕುವ ಸರಾಸರಿ ಅಂಕ) 2.3ಕ್ಕೆ ಕಡಿಮೆ ಇರಬಾರದು. ಆ 16ರಲ್ಲಿ 10 ಕೋರ್ಸ್ ಹನ್ನೆರಡನೆಯ ತರಗತಿ ಶುರುವಾಗುವ ಮೊದಲೇ ಮುಗಿದಿರಬೇಕು, ಅವುಗಳಲ್ಲಿ 7 ಇಂಗ್ಲಿಷ್, ಗಣಿತ ಅಥವಾ ವಿಜ್ಞಾನದ್ದಾಗಿರಬೇಕು. ಶಾಲೆಯ ಕೌನ್ಸೆಲರ್ ಜೊತೆ ಕೂತು ಪಟ್ಟಿ ಒಮ್ಮೆ ಹೊಂದಿಸಿ ನೋಡಿ; ಹತ್ತನೆಯಲ್ಲಿ ತಪ್ಪಿದ್ದನ್ನು ಹನ್ನೆರಡರಲ್ಲಿ ಸರಿಪಡಿಸಲು ಸಮಯ ಸಾಲುವುದಿಲ್ಲ. ವಿಡಿಯೊ ಮೂರರಿಂದ ಐದು ನಿಮಿಷಕ್ಕಿಂತ ಉದ್ದ ಬೇಡ. ಪ್ರತಿ ತುಣುಕಿನ ಶುರುವಿನಲ್ಲಿ, ಸ್ನ್ಯಾಪ್‌ಗೆ ಮುಂಚೆ, ಮಗ ಯಾರೆಂದು ಬಾಣದ ಗುರುತು ಇರಲಿ. ಹಿನ್ನೆಲೆ ಸಂಗೀತ ಬೇಡ. ಬರೀ ಟಚ್‌ಡೌನ್ ತುಂಬಬೇಡಿ. ಚೆಂಡು ತನಗೆ ಬಾರದ ಆಟದಲ್ಲಿ ಅವನು ಪೂರ್ತಿ ವೇಗದಲ್ಲಿ ರೂಟ್ ಓಡಿದ್ದು, ಅಡ್ಡಗಟ್ಟಿದ್ದು ಒಂದೆರಡಾದರೂ ಇರಲಿ, ಕಾಲೇಜಿನ ಕೋಚ್‌ಗಳು ಅದನ್ನೂ ಹುಡುಕಿ ನೋಡುತ್ತಾರೆ. ವಸಂತದಲ್ಲಿ ಶಾಲೆಯ ಟ್ರ್ಯಾಕ್ ತಂಡದಲ್ಲಿ 100 ಮೀಟರ್, 200 ಮೀಟರ್ ಓಡಲಿ; ಅಧಿಕೃತ ಗಡಿಯಾರದ ಸಮಯ ಕಾಗದದ ಮೇಲಿರುತ್ತದೆ, ಕೈಗಡಿಯಾರದ 40 ಯಾರ್ಡ್ ಓಟವನ್ನು ಯಾರೂ ನಂಬುವುದಿಲ್ಲ. ಹಣ ತೆಗೆದುಕೊಂಡು ವಿದ್ಯಾರ್ಥಿವೇತನ ಕೊಡಿಸುತ್ತೇವೆ ಎನ್ನುವವರಿಂದ ದೂರವಿರಿ. ವಿದ್ಯಾರ್ಥಿವೇತನ ಕೊಡುವುದು ಕಾಲೇಜಿನ ಕೋಚ್ ಮಾತ್ರ, ಅವರನ್ನು ನಿಮ್ಮ ಶಾಲೆಯ ಕೋಚ್ ಮೂಲಕವೇ ಸಂಪರ್ಕಿಸಬಹುದು. ಯಾವ ಕಾಲೇಜು ಕರೆದರೂ ಮೊದಲು ಕೇಳಬೇಕಾದ ಪ್ರಶ್ನೆ ಎರಡು: ಮಗ ಗಾಯಗೊಂಡರೆ ವಿದ್ಯಾರ್ಥಿವೇತನ ಉಳಿಯುತ್ತದೆಯೇ, ಅವನಿಗೆ ಇಷ್ಟವಾದ ವಿಷಯದ ಪದವಿಯನ್ನು ಅಭ್ಯಾಸದ ವೇಳಾಪಟ್ಟಿಯ ಜೊತೆ ಮುಗಿಸಿದ ಆಟಗಾರರು ಆ ತಂಡದಲ್ಲಿ ಇದ್ದಾರೆಯೇ. ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ.